ಕಾರ್ಡಿನಲ್ ಕೆಮಿಕಲ್ – ಮಾರ್ಟನ್ ಇಂಟರ್‌ನ್ಯಾಷನಲ್ ವ್ಯಾಜ್ಯ
ಪಿವಿಸಿ ಪ್ಲಾಸ್ಟಿಕ್ಕಿಗೆ ಬೆರೆಸುವ ಸ್ಥಿರಕಾರಿಗಳ ಪೇಟೆಂಟ್ ಕುರಿತು ಅಮೆರಿಕದಲ್ಲಿ 1983ರಿಂದ 1993ರವರೆಗೆ ನಡೆದ ಮೊಕದ್ದಮೆ. ರಸಾಯನಶಾಸ್ತ್ರದಲ್ಲಿ ಅದು ಬಗೆಹರಿಸಿದ್ದು ಕಡಿಮೆ. ಪೇಟೆಂಟ್ ಕಾನೂನಿನಲ್ಲಿ ಉಳಿಸಿದ ಗುರುತು ದೊಡ್ಡದು.

ಪಿವಿಸಿ ರಾಳವನ್ನು ಕೊಳವೆಯಾಗಿಯೋ ಹಾಳೆಯಾಗಿಯೋ ರೂಪಿಸಲು ಚೆನ್ನಾಗಿ ಕಾಯಿಸಬೇಕು. ಆ ಕಾವಿಗೆ ಅದರ ಅಣುಸರಪಳಿಯಿಂದ ಹೈಡ್ರೋಜನ್ ಕ್ಲೋರೈಡ್ ಕಳಚಿಕೊಳ್ಳುತ್ತದೆ. ಹೊರಬಿದ್ದ ಆಮ್ಲವೇ ಮುಂದಿನ ವಿಘಟನೆಗೆ ಕುಮ್ಮಕ್ಕು ಕೊಡುತ್ತದೆ. ರಾಳ ಹಳದಿಗಟ್ಟಿ, ಕಂದಾಗಿ, ಕಡೆಗೆ ಕಪ್ಪಾಗುತ್ತದೆ. ಇದನ್ನು ತಡೆಯುವ ರಾಸಾಯನಿಕಗಳೇ ಸ್ಥಿರಕಾರಿಗಳು; ಅವುಗಳಲ್ಲಿ ತವರದ ಸಾವಯವ ಸಂಯುಕ್ತಗಳು ಮುಖ್ಯವಾದವು. ಮಾರ್ಟನ್ ಕಂಪನಿಯ ಬಳಿ ಇದ್ದ ಎರಡು ಪೇಟೆಂಟ್‌ಗಳು ಇಂಥವಕ್ಕೇ ಸಂಬಂಧಿಸಿದ್ದವು.

1983ರಲ್ಲಿ ಮಾರ್ಟನ್ ದಕ್ಷಿಣ ಕೆರೊಲಿನಾದ ಫೆಡರಲ್ ನ್ಯಾಯಾಲಯದಲ್ಲಿ ಕಾರ್ಡಿನಲ್ ಕಂಪನಿಯ ಮೇಲೆ ಪೇಟೆಂಟ್ ಉಲ್ಲಂಘನೆಯ ದಾವೆ ಹೂಡಿತು. ಪೇಟೆಂಟ್‌ಗಳೇ ಅಸಿಂಧುವೆಂದು ಕಾರ್ಡಿನಲ್ ಪ್ರತಿದಾವೆ ಹಾಕಿತು. ಅದೇ ಪೇಟೆಂಟ್‌ಗಳನ್ನು ಹಿಡಿದು ಮಾರ್ಟನ್ ಲೂಸಿಯಾನ, ಡೆಲವೇರ್‌ಗಳಲ್ಲೂ ಬೇರೆ ಕಂಪನಿಗಳನ್ನು ಕೋರ್ಟಿಗೆಳೆದಿತ್ತು. ಲೂಸಿಯಾನದಲ್ಲಿಯೂ ದಕ್ಷಿಣ ಕೆರೊಲಿನಾದಲ್ಲಿಯೂ ಅದು ಸೋತಿತು: ಉಲ್ಲಂಘನೆ ಆಗಿಲ್ಲ, ಪೇಟೆಂಟ್‌ಗಳೂ ಊರ್ಜಿತವಲ್ಲ.

ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯಕ್ಕೆ ಆಗ ಒಂದು ವಿಚಿತ್ರ ರೂಢಿಯಿತ್ತು. ಉಲ್ಲಂಘನೆ ಇಲ್ಲವೆಂದಾದರೆ ಪೇಟೆಂಟ್ ಅಸಿಂಧುವೆಂಬ ತೀರ್ಪನ್ನು ಪರಿಶೀಲಿಸದೆಯೇ ರದ್ದುಮಾಡುತ್ತಿತ್ತು. ಎರಡೂ ಪ್ರಕರಣಗಳಲ್ಲಿ ಹಾಗೇ ಆಯಿತು. ಒಂದೇ ಪೇಟೆಂಟನ್ನು ಹಿಡಿದು ಇನ್ನೊಬ್ಬರ ಮೇಲೆ ಮತ್ತೆ ದಾವೆ ಹೂಡಲು ಇದರಿಂದ ದಾರಿ ತೆರೆದೇ ಇತ್ತು. ಇತ್ತ ಮಾರ್ಟನ್‌ಗೂ ನೆಮ್ಮದಿಯಿರಲಿಲ್ಲ. ಕೆಳಗಿನ ಕೋರ್ಟು ಹಚ್ಚಿದ ಕಳಂಕವನ್ನು ಮೇಲ್ಮನವಿಯಲ್ಲಿ ತೊಳೆದುಕೊಳ್ಳುವ ಅವಕಾಶವೇ ಅದಕ್ಕೆ ಸಿಗಲಿಲ್ಲ. ಹೀಗಾಗಿ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ವಾದಿ, ಪ್ರತಿವಾದಿ ಇಬ್ಬರೂ ಆ ರೂಢಿ ತಪ್ಪೆಂದೇ ವಾದಿಸಿದರು. ಅದರ ಪರವಾಗಿ ಮಾತನಾಡಲು ಒಬ್ಬರನ್ನೂ ನೇಮಿಸದ್ದು ಸರಿಯಲ್ಲವೆಂದು ನ್ಯಾಯಮೂರ್ತಿ ಸ್ಕಾಲಿಯಾ ಪ್ರತ್ಯೇಕವಾಗಿ ಬರೆದರು. ಆಕ್ಷೇಪ ನ್ಯಾಯವಾದದ್ದೇ.

1993ರ ಮೇ 17ರಂದು ನ್ಯಾಯಮೂರ್ತಿ ಸ್ಟೀವನ್ಸ್ ತೀರ್ಪು ಬರೆದು ಆ ರೂಢಿಯನ್ನು ತೆಗೆದುಹಾಕಿದರು. ಉಲ್ಲಂಘನೆಯ ಪ್ರಶ್ನೆ ಇತ್ಯರ್ಥವಾದ ಮಾತ್ರಕ್ಕೆ ಅಸಿಂಧುತ್ವದ ಪ್ರತಿದಾವೆ ಸತ್ತುಹೋಗುವುದಿಲ್ಲ. ಪೇಟೆಂಟ್ ಊರ್ಜಿತವೇ ಎಂಬುದರಲ್ಲಿ ಸಾರ್ವಜನಿಕರ ಹಿತವೂ ಇದೆ ಎಂಬುದು ಅದರ ಸಾರ.

ಪ್ರಕರಣ ಫೆಡರಲ್ ಸರ್ಕ್ಯೂಟಿಗೆ ಮರಳಿತು. ಯಾವ ಸಂಯುಕ್ತ ತನ್ನ ಹಕ್ಕಿನೊಳಗೆ ಬರುತ್ತದೆಂಬುದನ್ನು ಪರಿಣತರಿಗೂ ತಿಳಿಯದಷ್ಟು ಅಸ್ಪಷ್ಟವಾಗಿ ಮಾರ್ಟನ್ ಬರೆದಿತ್ತೆಂದು ಅದೇ ವರ್ಷ ಆ ನ್ಯಾಯಾಲಯ ಅಸಿಂಧುತ್ವದ ತೀರ್ಪನ್ನು ಎತ್ತಿಹಿಡಿಯಿತು.