ಕಾರವಾರ ಹೆಸರಿನ ಹಡಗು ಎಲ್ಲಿ ಹೋಯ್ತು?

ಕಾರವಾರದ ಟ್ಯಾಗೋರ್ ಬೀಚಿಗೆ ಹೋದವರು ಐಎನ್‌ಎಸ್ ಚಪಲ್ ಮುಂದೆ ನಿಂತು ಒಂದು ಸೆಲ್ಫಿ ತಗೊಂಡೇ ಬರ್ತಾರೆ. ಅದು ಕ್ಷಿಪಣಿ ಹಡಗು, ಈಗ ಮ್ಯೂಸಿಯಂ. ಆದರೆ ಕಾರವಾರದ ಹೆಸರನ್ನೇ ಹೊತ್ತ ಯುದ್ಧನೌಕೆ ಇತ್ತು ಅಂತ ಎಷ್ಟು ಜನಕ್ಕೆ ಗೊತ್ತು? ಒಂದಲ್ಲ, ಎರಡು!

ಎರಡೂ ಮೈನ್‌ಸ್ವೀಪರ್‌ಗಳು. ಅಂದರೆ, ಶತ್ರು ಸಮುದ್ರದಲ್ಲಿ ಹುದುಗಿಸಿಟ್ಟ ಮೈನ್‌ಗಳನ್ನು ತೆಗೆದು ಬೇರೆ ಹಡಗುಗಳಿಗೆ ದಾರಿ ಮಾಡಿಕೊಡುವಂಥವು. ಮೊದಲನೆಯ ಐಎನ್‌ಎಸ್ ಕಾರವಾರ 1956ರಲ್ಲಿ ಬ್ರಿಟನ್ನಿನಿಂದ ಬಂತು. ಅದರ ಒಡಲು ಮರದ್ದು. ಯುದ್ಧನೌಕೆಗೆ ಮರ ಯಾಕೆ? ಇಂಜಿನಿಯರಿಂಗ್ ಓದಿದ ನನಗೆ ಇಷ್ಟವಾಗೋದೇ ಇಲ್ಲಿ. ಕೆಲವು ಮೈನ್‌ಗಳು ಉಕ್ಕಿನ ಹಡಗಿನ ಕಾಂತಕ್ಷೇತ್ರ ಗುರುತಿಸಿ ಸಿಡಿಯುತ್ತವೆ. ಮರದ ಒಡಲಿಗೆ ಆ ಅಪಾಯ ಕಡಿಮೆ.

ಎರಡನೆಯ ಕಾರವಾರ 1986ರ ಜುಲೈ 14ರಂದು ಸೋವಿಯತ್ ಒಕ್ಕೂಟದ ರೀಗಾದಲ್ಲಿ ನಮ್ಮ ನೌಕಾಪಡೆ ಸೇರಿತು. 30 ವರ್ಷ ದುಡಿದು 2017ರ ಮೇ 9ರಂದು ವಿಶಾಖಪಟ್ಟಣದಲ್ಲಿ ನಿವೃತ್ತಿಯಾಯಿತು.

ಯಾರಿಗೂ ನೆನಪಿಲ್ಲ. ಯಾಕಂದ್ರೆ ಈ ಹಡಗು ಕೆಲಸ ಸರಿಯಾಗಿ ಮಾಡಿದರೆ ಏನೂ ಆಗಲ್ಲ. ಏನೂ ಆಗದಿದ್ದರೆ ನಮ್ಮಂಥವರಿಗೆ ಬ್ರೇಕಿಂಗ್ ನ್ಯೂಸ್ ಎಲ್ಲಿಂದ ಬರಬೇಕು?

ಇದರ ಬೆಲೆ ತಿಳಿಯಬೇಕಾದರೆ 1991ರ ಕೊಲ್ಲಿ ಯುದ್ಧ ನೋಡಿ. ಫೆಬ್ರವರಿ 18ರ ಒಂದೇ ದಿನ ಅಮೆರಿಕದ ಎರಡು ದೊಡ್ಡ ನೌಕೆಗಳು, ಟ್ರಿಪೋಲಿ ಮತ್ತು ಪ್ರಿನ್ಸ್‌ಟನ್, ಇರಾಕ್ ಇಟ್ಟ ಮೈನ್‌ಗಳಿಗೆ ಸಿಕ್ಕು ಜಖಂ ಆದವು. ಅಷ್ಟು ದೊಡ್ಡ ನೌಕಾಪಡೆಗೇ ಆ ಗತಿ.

ನಮ್ಮ ಕಥೆ? 2019ರ ಏಪ್ರಿಲ್‌ನಲ್ಲಿ ಐಎನ್‌ಎಸ್ ಕೋಳಿಕ್ಕೋಡ್ ನಿವೃತ್ತಿಯಾಯಿತು. ಅಲ್ಲಿಗೆ ಭಾರತೀಯ ನೌಕಾಪಡೆಯಲ್ಲಿ ಮೈನ್‌ಸ್ವೀಪರ್ ಒಂದೂ ಉಳಿಯಲಿಲ್ಲ. ದೇಶದ ಹೆಮ್ಮೆಯ ಕದಂಬ ನೌಕಾನೆಲೆ ಇರೋದು ಅದೇ ಕಾರವಾರದಲ್ಲಿ, ಮರೀಬೇಡಿ. ಗೋವಾ ಶಿಪ್‌ಯಾರ್ಡ್‌ನಲ್ಲಿ ದಕ್ಷಿಣ ಕೊರಿಯಾದ ಕಂಪನಿ ಜೊತೆ ಸೇರಿ ಹೊಸ ಹಡಗು ಕಟ್ಟುವ ಮಾತುಕತೆ 2018ರಲ್ಲೇ ಮುರಿದುಬಿದ್ದಿತ್ತು. 2025ರ ಜುಲೈನಲ್ಲಿ ಇಂಥ ಹಡಗುಗಳ ಖರೀದಿಗೆ ರಕ್ಷಣಾ ಖರೀದಿ ಮಂಡಳಿಯ ಆರಂಭಿಕ ಒಪ್ಪಿಗೆ ಸಿಕ್ಕಿತು. ಆದರೆ ಕಾಗದದ ಮೇಲಿನ ಒಪ್ಪಿಗೆ ಹಡಗಾಗಿ ನೀರಿಗಿಳಿಯೋಕೆ ವರ್ಷಗಳೇ ಬೇಕು.

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಲ್ಲಿ ಕೂತವರಿಗೆ ಸಮುದ್ರದ ಉಸಾಬರಿ ಯಾಕೆ ಅಂತೀರಾ? ಅಲ್ಲಿನ ರೈತ ಟ್ರ್ಯಾಕ್ಟರ್‌ಗೆ ಹಾಕಿಸುವ ಡೀಸೆಲ್ ಯಾವುದರಿಂದ ಆಗುತ್ತೆ? ಹೊರದೇಶದಿಂದ ಹಡಗಿನಲ್ಲಿ ಬರುವ ಕಚ್ಚಾ ತೈಲದಿಂದ. ಬಂದರಿನ ಬಾಯಲ್ಲಿ ನಾಲ್ಕು ಮೈನ್ ಬಿದ್ದರೆ ಸಾಕು, ಆ ಹಡಗು ಒಳಗೆ ಬರಲ್ಲ. ಬಿಸಿ ತಟ್ಟೋದು ಅನುಗೊಂಡನಹಳ್ಳಿಯ ಹೊಲಕ್ಕೇ.

ಹೊಸ ಮೈನ್‌ಸ್ವೀಪರ್‌ಗಳಲ್ಲಿ ಒಂದಕ್ಕಾದರೂ ಮತ್ತೆ ಕಾರವಾರ ಅಂತ ಹೆಸರಿಡಲಿ ಅನ್ನೋದು ನನ್ನ ಆಸೆ. ಆದರೆ ಹೆಸರಿಡೋಕೆ ಮೊದಲು ಹಡಗು ಬರಬೇಕಲ್ಲ?