ಗ್ರೀಕ್ ಪ್ರಹಸನದಲ್ಲಿ ಕನ್ನಡ

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಹಲ್ಮಿಡಿ ಶಾಸನದ ವಿಭಕ್ತಿಪ್ರತ್ಯಯಗಳನ್ನು ವಿವರಿಸತೊಡಗಿದರೆ ಹಿಂದಿನ ಬೆಂಚುಗಳು ತೂಕಡಿಸುತ್ತವೆ. "ಎರಡನೆಯ ಶತಮಾನದ ಈಜಿಪ್ಟಿನಲ್ಲಿ ಗ್ರೀಕ್ ನಾಟಕದ ಪಾತ್ರವೊಂದು ಕನ್ನಡ ಮಾತನಾಡಿತು" ಎಂದರೆ ಅವೇ ಬೆಂಚುಗಳು ನೆಟ್ಟಗಾಗುತ್ತವೆ. ಈ ಉಪಾಯವನ್ನು ನಾನು ಪ್ರತಿವರ್ಷವೂ ಬಳಸಿದೆ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು, "ಆ ಮಾತುಗಳು ಯಾವುವು, ಸಾರ್?" ಎಂದು ಕೇಳಿದಳು. ನನಗೆ ನೆನಪಿದ್ದುದು ನಾಲ್ಕೇ ಪದ: ಕೊಂಚ, ಮಧು, ಪಾತ್ರ, ಹಾಕಿ. "ಇವು ಈಗಿನ ಕನ್ನಡದ ಹಾಗೆಯೇ ಇವೆಯಲ್ಲ!" ಎಂದಳು. ಅಷ್ಟರಲ್ಲಿ ಗಂಟೆ ಹೊಡೆದು ನನ್ನ ಮಾನ ಉಳಿಯಿತು.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ೧೮೯೬ರಿಂದ ಅಗೆಸಿದರು. ಅಲ್ಲಿ ಸಿಕ್ಕಿದ ಪಪೈರಸ್ ಹಾಳೆಗಳಲ್ಲಿ ೪೧೩ನೆಯದು ಒಂದು ಪ್ರಹಸನ. ಅದು ೧೯೦೩ರಲ್ಲಿ ಅಚ್ಚಾಯಿತು. ಖಾರಿಟಿಯಾನ್ ಎಂಬ ಗ್ರೀಕ್ ಕನ್ಯೆ ಹಿಂದೂ ಮಹಾಸಾಗರದ ತೀರದಲ್ಲೊಂದು ದೇಗುಲದಲ್ಲಿ ಸೆರೆಯಾಗಿದ್ದಾಳೆ. ಬಿಡಿಸಲು ಅಣ್ಣನ ಹಡಗು ಬಂದಿದೆ. ಆ ದೇಶದ ರಾಜನಿಗೂ ಪರಿವಾರಕ್ಕೂ ನೀರು ಬೆರಸದ ದ್ರಾಕ್ಷಾರಸವನ್ನು ಕುಡಿಸಿ, ಅಮಲೇರಿದ ಮೇಲೆ ಪಾರಾಗುವುದು ಹೂಟ. ವಿದೂಷಕನ ಹಾಸ್ಯವಂತೂ ಆಕಾಶವಾಣಿಯಲ್ಲಿ ವಿವರಿಸುವಂಥದಲ್ಲ! ರಾಜನೂ ಅವನ ಕಡೆಯವರೂ ಆಡುವ ಮಾತು ಮಾತ್ರ ಗ್ರೀಕ್ ಅಲ್ಲ. ಒಂದೆಡೆ ಗ್ರೀಕ್ ಪಾತ್ರವೊಂದು "ಏನನ್ನುತ್ತಾರೆ?" ಎಂದು ಕೇಳಿದರೆ, ಪಾಲಿಗಾಗಿ ಚೀಟಿ ಎತ್ತೋಣವೆನ್ನುತ್ತಾರೆ ಎಂಬರ್ಥದ ಉತ್ತರ ಬರುತ್ತದೆ.

ಅದು ಕನ್ನಡವಿರಬಹುದೆಂದು ೧೯೦೪ರಲ್ಲಿ ಮೊದಲು ಹೇಳಿದವರು ಕನ್ನಡಿಗರಲ್ಲ. ದಕ್ಷಿಣದ ಶಾಸನಗಳನ್ನು ಓದಿ ಪಳಗಿದ ಜರ್ಮನ್ ವಿದ್ವಾಂಸ ಹುಲ್ಷ್. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ದಾರಿಯಲ್ಲಿ ಇನ್ನೂ ಮುಂದೆ ನಡೆದರು. ೧೯೨೬ರಲ್ಲಿ ಲಂಡನ್ನಿನ ಬಾರ್ನೆಟ್ ಇದನ್ನು ಒಪ್ಪಲಿಲ್ಲ. ಅನಂತರ ತುಳುವೆಂಬ ವಾದವೂ ಹುಟ್ಟಿತು.

ಆ ಹುಡುಗಿಯ ಸಂಶಯ ಎಷ್ಟು ಸರಿಯಾದುದೆಂದು ಪುಸ್ತಕ ತೆಗೆದು ಕುಳಿತಾಗ ಅರಿವಾಯಿತು. ಬರಹದಲ್ಲಿ ಪದಗಳ ನಡುವೆ ಬಿಡುವಿಲ್ಲ. ಎಲ್ಲಿ ಒಡೆಯಬೇಕೆಂಬುದು ಓದುವವನ ಇಚ್ಛೆ. ಹೀಗೆ ಒಡೆದು, ಅಲ್ಲೊಂದು ಅಕ್ಷರ ತಿದ್ದಿ, ಇಲ್ಲೊಂದು ಸ್ವರ ಬದಲಿಸಿದರೆ ಕನ್ನಡ ಬಂದೀತು; ಬೇರೆ ಭಾಷೆಯೂ ಬಂದೀತು. ಅದಕ್ಕಿಂತ ದೊಡ್ಡ ತೊಡಕು "ಹಾಕಿ" ಎಂಬುದರ ಹಕಾರ. ಪಾಲು ಹಾಲಾದುದು, ಪೂವು ಹೂವಾದುದು ಹತ್ತನೆಯ ಶತಮಾನದಿಂದೀಚೆಗೆ. ಇದನ್ನು ನಾನೇ ಬೆಳಗಿನ ಪೀರಿಯಡ್ಡಿನಲ್ಲಿ ಪಾಠ ಹೇಳಿ, ಮಧ್ಯಾಹ್ನ ಮರೆಯುತ್ತಿದ್ದೆನಲ್ಲ! ಸುಮಾರು ೪೫೦ರ ಹಲ್ಮಿಡಿ ಶಾಸನವೇ ನಮಗೆ ಟೀಕೆಯಿಲ್ಲದೆ ಅರ್ಥವಾಗದು. ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದಿನ ಮಾತು ಸಂತೆಯ ಕನ್ನಡದಂತೆ ಕೇಳಿಸಿದರೆ ಹಿಗ್ಗುವ ಮೊದಲು ಹಿಂಜರಿಯಬೇಕಿತ್ತು.

ಹಾಗೆಂದು ಹುಲ್ಷರ ಊಹೆ ಹುಚ್ಚು ಊಹೆಯಲ್ಲ. ಆ ಕಾಲದ ಗ್ರೀಕರು ನಮ್ಮ ಕರಾವಳಿಯನ್ನು ಬಲ್ಲವರೇ. ಪ್ರಹಸನದ ಕಾಲದವನೇ ಆದ ಟಾಲೆಮಿಯ ಭೂಗೋಳದಲ್ಲಿ ನಮ್ಮ ಬನವಾಸಿಯ ಹೆಸರಿದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ದೊರೆತಿವೆ. ಕನ್ನಡ ನಾಡಿಗೂ ಆ ಲೋಕಕ್ಕೂ ಇದ್ದ ನಂಟಿಗೆ ಇವು ಗಟ್ಟಿ ಸಾಕ್ಷಿ. ಆದರೆ ಊರಿನ ಹೆಸರಿಗೆ, ಸವೆದ ನಾಣ್ಯಕ್ಕೆ ಯಾವ ಬೆಂಚು ನೆಟ್ಟಗಾದೀತು? ಅವು ನಗಿಸುವುದಿಲ್ಲ, ಕುಡಿದ ರಾಜ ನಗಿಸುತ್ತಾನೆ.

ಮುಂದಿನ ವಾರ ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ, ನನ್ನ ಮರೆವನ್ನೂ ಸೇರಿಸಿ. ಕರಾವಳಿಯ ಹುಡುಗನೊಬ್ಬ ತುಳುವಿನ ಪರವಾಗಿ ವಾದಿಸಿದ. ಆ ವಿದ್ಯಾರ್ಥಿನಿ ಕರಿಹಲಗೆಯ ಮೇಲೆ ಅಕ್ಷರಗಳನ್ನು ಒಂದೇ ಸಮನೆ ಬರೆದು, ಬೇರೆ ಬೇರೆ ಕಡೆ ಒಡೆದು ತೋರಿಸಿದಳು. ಆ ವರ್ಷ ಹಲ್ಮಿಡಿ ಶಾಸನಕ್ಕೆ ಮೂರು ಪೀರಿಯಡ್ಡು ಹೆಚ್ಚು ಬೇಕಾಯಿತು.