ಮಡಚುವ ಚಾಕು, ಮೂಸೆಯ ಉಕ್ಕು ಮತ್ತು ದೂರು ಕೇಳುವ ಕಿವಿ

ಒಂದು ಚಾಕುವಿಗೆ 30-40 ಸಾವಿರ ರೂಪಾಯಿ ಕೊಡುವವರು ಇದ್ದಾರೆ ಅಂತ ಹೇಳಿದರೆ ನಮ್ಮ ಪಾಪಿನಾಯಕನಹಳ್ಳಿಯಲ್ಲಿ ಯಾರೂ ನಂಬುವುದಿಲ್ಲ. "ಅದರಾಗೇನು ಬಂಗಾರ ಹಾಕ್ಯಾರೇನು?" ಅಂತ ನಗುತ್ತಾರೆ. ಬಂಗಾರವೇನೂ ಇರುವುದಿಲ್ಲ. ಟೈಟಾನಿಯಂ ಹಿಡಿ, ಒಳ್ಳೆಯ ಉಕ್ಕಿನ ಅಲಗು, ಅಲಗು ತಿರುಗುವುದಕ್ಕೆ ಒಂದು ಮೊಳೆ, ಬಿಚ್ಚಿದ ಅಲಗು ತಾನಾಗಿ ಮಡಚಿಕೊಂಡು ಬೆರಳು ಕತ್ತರಿಸದಂತೆ ತಡೆಯುವ ಒಂದು ಲಾಕು. ಇಷ್ಟೇ. ಆದರೆ ತಕರಾರು ಹುಟ್ಟುವುದೆಲ್ಲ ಈ "ಇಷ್ಟೇ"ಯಲ್ಲೇ!

ಈಳಿಗೆಮಣೆಗೋ ಕುಡುಗೋಲಿಗೋ ಕೆಡುವುದಕ್ಕೆ ಹೆಚ್ಚು ದಾರಿಗಳಿಲ್ಲ. ಮೊಂಡಾಗುತ್ತದೆ, ಇಲ್ಲ ಹಿಡಿ ಸಡಿಲವಾಗುತ್ತದೆ. ಮಡಚುವ ಚಾಕು ಹಾಗಲ್ಲ, ಅದೊಂದು ಪುಟ್ಟ ಯಂತ್ರ. ಮೊಳೆಯ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಅಲಗು ಅಲ್ಲಾಡುತ್ತದೆ. ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂರದೆ ಒಂದು ಬದಿಗೆ ವಾಲುತ್ತದೆ. ಲಾಕು ಪೂರ್ತಿ ಕಚ್ಚಿಕೊಳ್ಳುವುದಿಲ್ಲ. ಉಕ್ಕಿಗೆ ಹದ ಸರಿಯಾಗಿ ಕೊಡದಿದ್ದರೆ ಮೇಲುನೋಟಕ್ಕೆ ಏನೂ ಗೊತ್ತಾಗದು, ಕೆಲಸಕ್ಕೆ ಇಳಿಸಿದ ಮೇಲೆ ಅಂಚು ಮಡಚಿಕೊಳ್ಳುತ್ತದೆ ಅಥವಾ ಚಕ್ಕೆ ಏಳುತ್ತದೆ. ಅಷ್ಟು ದುಡ್ಡು ಕೊಟ್ಟವನು ಸುಮ್ಮನಿರುತ್ತಾನೆಯೇ? ಕಂಪನಿಗೆ ಬರೆಯುತ್ತಾನೆ. ಅಲ್ಲಿಂದ ಬರುವ ಉತ್ತರದ ಮೇಲೆ ಆ ಕಂಪನಿಯ ಮರ್ಯಾದೆ ನಿಂತಿರುತ್ತದೆ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದ್ದು ಒಂದು ಪದ. ಇಂಥ ದುಬಾರಿ ಚಾಕುಗಳಲ್ಲಿ ಬಹಳ ಹೆಸರಾದ ಉಕ್ಕು ಎಸ್30ವಿ. 2001ರ ಸುಮಾರಿಗೆ ಅಮೆರಿಕದಲ್ಲಿ ಚಾಕು ತಯಾರಕ ಕ್ರಿಸ್ ರೀವ್ ಸಲಹೆ ಪಡೆದು, ಚಾಕುವಿಗೆಂದೇ ಮಾಡಿದ ಉಕ್ಕು ಅದು. ಅದರಲ್ಲಿ ಇಂಗಾಲ ಶೇಕಡಾ 1.45, ವನೇಡಿಯಂ ಶೇಕಡಾ 4. ಮಾಡಿದ ಕಂಪನಿಯ ಹೆಸರು ಕ್ರೂಸಿಬಲ್. ಹಾಗಂದರೆ ಮೂಸೆ! ಅಕ್ಕಸಾಲಿಗರು ಬಂಗಾರ ಕರಗಿಸುವ ಅದೇ ಮೂಸೆ. ಆ ಕಂಪನಿ ಈ ಉಕ್ಕನ್ನು ಮಾಡುತ್ತಿದ್ದದ್ದು ಪುಡಿ ಲೋಹದ ಹೊಸ ವಿಧಾನದಲ್ಲಿ, ಹೆಸರಿನಲ್ಲಿ ಮಾತ್ರ ಹಳೆಯ ಮೂಸೆ ಉಳಿದಿತ್ತು. ಮೂಸೆಯಲ್ಲಿ ಉಕ್ಕು ಮಾಡುವ ಕಲೆಗೆ ಜಗತ್ತಿನಲ್ಲಿ ಬಹುಕಾಲ ಹೆಸರಾಗಿದ್ದವರು ನಮ್ಮ ಕಡೆಯವರು ಅಂತ ನಿಮಗೆ ಗೊತ್ತೇ ಇರಬೇಕು. ಇಂಗ್ಲಿಷಿನ "ವೂಟ್ಜ್" ನಮ್ಮ ಕನ್ನಡದ "ಉಕ್ಕು" ಪದವೇ ಕೆಟ್ಟು ಆದದ್ದು ಅಂತ ಪದಕೋಶದವರು ಬಹುಕಾಲದಿಂದ ಹೇಳುತ್ತಿದ್ದಾರೆ. "ವೂಕ್" ಅಂತ ಬರೆದದ್ದನ್ನು ಯಾರೋ ತಪ್ಪಾಗಿ ಓದಿ ಹೀಗಾಯಿತಂತೆ.

ಈಗ ಇದೇ ವೂಟ್ಜ್ ಲಂಡನ್ನಿಗೆ ಹೋದ ಕಥೆಗೆ ಬರೋಣ. ನನ್ನ ಪ್ರಕಾರ ಚಾಕುವಿನ ಗುಣಮಟ್ಟ, ಗಿರಾಕಿ ಸೇವೆ ಎರಡಕ್ಕೂ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

1794ರಲ್ಲಿ ಬೊಂಬಾಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ವೂಟ್ಜ್ ಗಟ್ಟಿಗಳನ್ನು ಕಳಿಸಿದ. ಅವುಗಳ ಪರೀಕ್ಷೆ ಜಾರ್ಜ್ ಪಿಯರ್ಸನ್ ಎಂಬ ವೈದ್ಯ-ರಸಾಯನಶಾಸ್ತ್ರಜ್ಞನ ಪಾಲಿಗೆ ಬಂತು. ಜೇಮ್ಸ್ ಸ್ಟೋಡಾರ್ಟ್ ಎಂಬ ಹೆಸರಾಂತ ಚಾಕು ತಯಾರಕ ಅದರಲ್ಲಿ ಒಂದು ತುಂಡು ತೆಗೆದುಕೊಂಡು ಪೆನ್‌ನೈಫ್ ಮಾಡಿದ. (ಆಗ ಬರೆಯುತ್ತಿದ್ದದ್ದು ಹಕ್ಕಿಯ ಗರಿಯಿಂದ. ಗರಿಯ ತುದಿ ಕೊರೆಯುವ ಪುಟ್ಟ ಚಾಕುವೇ ಪೆನ್‌ನೈಫ್. ಇಂದಿನ ಜೇಬಿನ ಚಾಕುವಿಗೆ ಅದೇ ಹೆಸರು ಉಳಿದುಕೊಂಡಿದೆ.) ಬಡಿಯುವುದಕ್ಕೆ ಬಹಳ ಕಷ್ಟ ಕೊಟ್ಟಿತಂತೆ. ಸ್ವಲ್ಪ ಹೆಚ್ಚು ಕಾಯಿಸಿದರೆ ಪುಡಿಯಾಗುವ ಉಕ್ಕು ಅದು. ಆದರೂ ಅಂಚು ಬಂದ ಮೇಲೆ ಅಲ್ಲಿನ ಒಳ್ಳೆಯ ಉಕ್ಕಿನ ಚಾಕುವಿಗೆ ಅದು ಯಾವುದರಲ್ಲೂ ಕಡಿಮೆ ಇರಲಿಲ್ಲ. ಮುಂದೆ ಸ್ಟೋಡಾರ್ಟ್ ತನ್ನ ಅಂಗಡಿಯ ಕಾರ್ಡಿನಲ್ಲೇ, ಯುರೋಪಿನ ಉಕ್ಕಿಗಿಂತ ಇಂಡಿಯಾದ ವೂಟ್ಜ್ ತನಗೆ ಮೆಚ್ಚು ಅಂತ ಅಚ್ಚು ಹಾಕಿಸಿದ. ಅಂದಿನ ಲಂಡನ್ನಿನ "ಹೈ-ಎಂಡ್" ಚಾಕು ಅಂದರೆ ಇದೇ :-)

ಹಾಗಂತ ನಮ್ಮ ಉಕ್ಕು ಯಾವಾಗಲೂ ಅಪ್ಪಟ ಅಂತ ಎದೆ ಉಬ್ಬಿಸುವ ಹಾಗಿಲ್ಲ. 1805ರಲ್ಲಿ ಡೇವಿಡ್ ಮುಶೆಟ್ ಎಂಬ ಲೋಹತಜ್ಞ, ಬ್ಯಾಂಕ್ಸ್ ಕೊಟ್ಟ ಐದು ಗಟ್ಟಿಗಳನ್ನು ಒಡೆದು ನೋಡಿದ. ಒಂದರಂತೆ ಒಂದಿಲ್ಲ. ಒಂದೇ ಗಟ್ಟಿಯೊಳಗೂ ಒಂದು ಕಡೆ ಚೆನ್ನಾಗಿ ಕರಗಿದೆ, ಇನ್ನೊಂದು ಕಡೆ ಇಲ್ಲ. ಗುಣಮಟ್ಟದ ದೂರು ಅಂದರೆ ಇದೇ ಅಲ್ಲವೇ? ಆದರೆ ಆ ದೂರನ್ನು ಅವನು ಯಾರಿಗೆ ಹೇಳಬೇಕಿತ್ತು? ಗಟ್ಟಿಯ ಮೇಲೆ ಮಾಡಿದವನ ಹೆಸರಿಲ್ಲ, ಊರಿಲ್ಲ. ಕುಲುಮೆಯಿಂದ ವ್ಯಾಪಾರಿಗೆ, ವ್ಯಾಪಾರಿಯಿಂದ ಬಂದರಿಗೆ, ಬಂದರಿನಿಂದ ಹಡಗಿಗೆ... ಸರಕು ಹೋಗುವ ದಾರಿ ಇತ್ತು, ಮಾತು ಹಿಂದಕ್ಕೆ ಬರುವ ದಾರಿ ಇರಲಿಲ್ಲ.

ಅದರ ಫಲ ನೋಡಿ. ಪಿಯರ್ಸನ್ ಆಮ್ಲದಲ್ಲಿ ಅದ್ದಿ, ಕಾಯಿಸಿ, ತೂಗಿ, ಕೊನೆಗೆ ಈ ಉಕ್ಕನ್ನು ಅದಿರಿನಿಂದ ನೇರವಾಗಿ ಮಾಡುತ್ತಾರೆ ಅಂತ ತೀರ್ಮಾನಿಸಿದ. ತಪ್ಪು. 1819ರಲ್ಲಿ ಮೈಕೆಲ್ ಫ್ಯಾರಡೆ (ಕಮ್ಮಾರನ ಮಗ!) ಇದನ್ನೇ ವಿಶ್ಲೇಷಿಸಿ, ಗುಟ್ಟು ಅಲ್ಯುಮಿನಾದಲ್ಲಿರಬಹುದು ಅಂದ. ಅದೂ ತಪ್ಪು. ಇಬ್ಬರೂ ಸಾಮಾನ್ಯರಲ್ಲ. ಆದರೆ ಮಾಡಿದವನನ್ನು ಕೇಳುವ ಅವಕಾಶ ಇಬ್ಬರಿಗೂ ಇರಲಿಲ್ಲ.

ಕೇಳಿದವನು, ಅಂದರೆ ಹೋಗಿ ನೋಡಿದವನು, ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ 1800ರಲ್ಲಿ ಮೈಸೂರು ಸೀಮೆ ಸುತ್ತಿದ ಅವನು, ಮಾಗಡಿ ಕಡೆಯ ಘಟ್ಟಿಪುರದಲ್ಲಿ ಉಕ್ಕು ಮಾಡುವ ಬಗೆಯನ್ನು ವಿವರವಾಗಿ ಬರೆದುಕೊಂಡ. ಹಸಿಮಣ್ಣಿನ ಮೂಸೆ, ಅದರೊಳಗೆ ಮೊದಲೇ ಮಾಡಿಟ್ಟ ಮೆತುಕಬ್ಬಿಣದ ಬೆಣೆಯ ಒಂದು ತುಂಡು, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಒಂದು ಬಳ್ಳಿಯ ಎರಡು ಹಸಿರೆಲೆ, ಮೇಲೆ ಮಣ್ಣಿನ ಮುಚ್ಚಳ, ಸಂದಿಗೆ ಮೆತ್ತಿದ ಮಣ್ಣು. ಕಡ್ಡಿ-ಎಲೆ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರುತ್ತದೆ, ಕಬ್ಬಿಣ ಕರಗಿ ಉಕ್ಕಾಗುತ್ತದೆ. ಅದಿರಿನಿಂದ ನೇರವಾಗಿ ಅಲ್ಲ, ಕಬ್ಬಿಣದಿಂದ. ಲಂಡನ್ನಿನ ಪ್ರಯೋಗಶಾಲೆಗೆ ಬಗೆಹರಿಯದ ಪ್ರಶ್ನೆಗೆ ಕುಲುಮೆಯ ಪಕ್ಕ ಕೂತವನಿಗೆ ಉತ್ತರ ಸಿಕ್ಕಿತು. ಅವನ ಪುಸ್ತಕ ಅಚ್ಚಾದದ್ದು 1807ರಲ್ಲಿ. ಆ ಉಕ್ಕಿನಿಂದ ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯದ ತಂತಿ ಆಗುತ್ತಿದ್ದವು. ಚನ್ನಪಟ್ಟಣದ ಉಕ್ಕಿನ ತಂತಿಗಳು ಇಂಡಿಯಾದ ದೂರದೂರದ ಊರುಗಳಿಗೆ ಹೋಗುತ್ತಿದ್ದವು.

ಮಾಡುವವರಿಗೆ ತಮ್ಮದೇ ತಪಾಸಣೆಯೂ ಇತ್ತು. ಮೂಸೆ ಒಡೆದಾಗ ಗಟ್ಟಿಯ ನೆತ್ತಿಯ ಮೇಲೆ ನಡುವಿನಿಂದ ಅಂಚಿಗೆ ಕಿರಣದಂತೆ ಗೆರೆಗಳು ಹರಡಿದ್ದರೆ ಪಾಕ ಸರಿ. ಜೇನುಗೂಡಿನಂತೆ ತೂತು, ಮೇಲೆದ್ದ ಗಂಟು ಇದ್ದರೆ ಪಾಕ ಕೆಟ್ಟಿತು. ಸೂಕ್ಷ್ಮದರ್ಶಕವಿಲ್ಲದ ಕಾಲದ ಗುಣಮಟ್ಟ ನಿಯಂತ್ರಣ ಇದು. ಇವತ್ತಿನ ಲೋಹಶಾಸ್ತ್ರ ಓದಿದವರು ಈ ಗೆರೆಗಳನ್ನು ನೋಡಿದರೆ ಹರಳುಗಟ್ಟಿದ ಗುರುತು ಅನ್ನುತ್ತಾರೆ.

ಊರೊಳಗಿನ ಗಿರಾಕಿಗೆ ಇದ್ದ ಅನುಕೂಲ ಬೇರೆಯೇ. ವಿಜಯನಗರದ ಕಾಲದಿಂದ ನಮ್ಮ ಹಳ್ಳಿಗಳಲ್ಲಿ ನಡೆದುಬಂದದ್ದು ಆಯಗಾರರ ಪದ್ಧತಿ. ಕಮ್ಮಾರ ಕುಡಕ್ಕೋ ಕುಡುಗೋಲಿಗೋ ಪ್ರತಿ ಸಲ ದುಡ್ಡು ಕೇಳುತ್ತಿರಲಿಲ್ಲ. ವರ್ಷವಿಡೀ ಕುಡ ಬಡಿದು ಕೊಡಬೇಕು, ಕುಡುಗೋಲಿಗೆ ಹಲ್ಲು ಹಾಕಬೇಕು, ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಆಯ ತೆಗೆದುಕೊಂಡು ಹೋಗಬೇಕು. ಇದನ್ನು ಇಂದಿನ ಭಾಷೆಯಲ್ಲಿ ವಾರ್ಷಿಕ ನಿರ್ವಹಣಾ ಒಪ್ಪಂದ ಅನ್ನಬಹುದು! ಕೆಟ್ಟ ಕೆಲಸ ಮಾಡಿದರೆ ಅದೇ ಕುಡ ಮೂರು ದಿನಕ್ಕೆ ಅವನ ಬಾಗಿಲಿಗೇ ವಾಪಸ್ ಬರುತ್ತಿತ್ತು. ಪುಕ್ಕಟೆ ಬಡಿಯಬೇಕು. ಹಾಗಾಗಿ ಒಳ್ಳೆಯ ಕೆಲಸ ಅವನಿಗೇ ಲಾಭ. ಈ ಪದ್ಧತಿಯನ್ನು ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಅದು ಕಸುಬನ್ನು ಜಾತಿಗೆ ಕಟ್ಟಿಹಾಕಿತ್ತು, ಬೆಳೆ ಕೆಟ್ಟ ವರ್ಷ ಕಮ್ಮಾರನ ಮನೆಯೂ ಉಪವಾಸ. ಆದರೆ ದೂರು ಹೇಳುವವನೂ ಕೇಳುವವನೂ ಒಂದೇ ಬೀದಿಯಲ್ಲಿದ್ದರು ಅನ್ನುವುದಂತೂ ನಿಜ.

ಪಟ್ಟಣದಲ್ಲಿ ಇದು ನಡೆಯದು. ಅಲ್ಲಿ ಮನುಷ್ಯನ ಬದಲು ಮುದ್ರೆ ಬಂತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಚಾಕು ಮಾಡುವವರ ಸಂಘಕ್ಕೆ 1624ರಲ್ಲೇ ಕಾನೂನಿನ ಬಲ ಸಿಕ್ಕಿತು. ಪ್ರತಿಯೊಬ್ಬನಿಗೂ ತನ್ನದೇ ಗುರುತು, ಅಲಗಿನ ಮೇಲೆ ಒತ್ತಲೇಬೇಕು. ದೂರು ಬಂದರೆ ಯಾರದ್ದೆಂದು ಹುಡುಕಬಹುದು. ಆಮೇಲೆ ಅದೇ ಹೆಸರಿನ ಕಳ್ಳತನ ಶುರುವಾಯಿತು. ಜರ್ಮನಿಯಲ್ಲಿ ಮಾಡಿದ ಅಗ್ಗದ ಚಾಕುಗಳ ಮೇಲೆ ಶೆಫೀಲ್ಡ್ ಹೆಸರು! ಆ ಗಲಾಟೆಯೂ ಸೇರಿ 1887ರಲ್ಲಿ ಬ್ರಿಟನ್ನು, ಹೊರಗಿನಿಂದ ಬಂದ ಸರಕು ಸುಳ್ಳು ಹೆಸರಿನಲ್ಲಿ ಮಾರಾಟವಾಗದಂತೆ ಕಾನೂನು ಮಾಡಿತು. "ಮೇಡ್ ಇನ್ ಜರ್ಮನಿ" ಅಂತ ಒತ್ತುವ ಪದ್ಧತಿ ಬೇರೂರಿದ್ದು ಆಗಲೇ. ಅವಮಾನಕ್ಕೆಂದು ಹಾಕಿಸಿದ ಮುದ್ರೆ ಮುಂದೆ ಅವರಿಗೇ ಹೆಮ್ಮೆಯ ಗುರುತಾದದ್ದು ಬೇರೆ ಮಾತು.

ಮುದ್ರೆಯ ಮುಂದಿನ ಹಂತ ವಾರಂಟಿ ಚೀಟಿ. ನನ್ನ ಹತ್ತಿರವೂ ಅಂಥದ್ದೊಂದಿದೆ. ಗೆಳೆಯನೊಬ್ಬ ಹೊರದೇಶದಿಂದ ತಂದುಕೊಟ್ಟ ಮಡಚುವ ಚಾಕುವಿಗೆ "ಜೀವಮಾನದ ವಾರಂಟಿ". (ಯಾರ ಜೀವಮಾನ ಅಂತ ಬರೆದಿಲ್ಲ.) ಆರು ತಿಂಗಳಿಗೆ ಅಲಗು ಅಲ್ಲಾಡತೊಡಗಿತು. ಬರೆದೆ. ಬಹಳ ವಿನಯದ ಉತ್ತರ ಬಂತು. ಚಾಕುವನ್ನು ಕಾರ್ಖಾನೆಗೆ ಕಳಿಸಿ, ಕಳಿಸುವ ಖರ್ಚು ನಿಮ್ಮದು, ನೀವೇ ಬಿಚ್ಚಿದರೆ ವಾರಂಟಿ ರದ್ದು. ಇಲ್ಲಿ ಕೊರಿಯರಿನವರು ಚಾಕು ಅಂದ ಕೂಡಲೇ ಡಬ್ಬಿ ವಾಪಸ್ ಕೊಟ್ಟರು. ಮತ್ತೆ ಬರೆದೆ, ಮತ್ತೆ ಅಷ್ಟೇ ವಿನಯದಿಂದ ಅದೇ ಉತ್ತರ. ಕೊನೆಗೆ ಹೊಸಪೇಟೆಯ ಲೇತ್ ಅಂಗಡಿಯ ಹಿರಿಯರೊಬ್ಬರು ಬಿಚ್ಚಿ, ಹಿತ್ತಾಳೆಯ ತೆಳು ವಾಷರ್ ಒಂದನ್ನು ಕೊರೆದು ಹಾಕಿ, ಬಿಗಿ ಮಾಡಿ ಕೊಟ್ಟರು. "ಮತ್ತ ಸಡ್ಲಾದ್ರ ತಗಂಡು ಬರ್ರಿ" ಅಂದರು. ವಾರಂಟಿ ರದ್ದಾಯಿತು, ಚಾಕು ಸರಿಯಾಯಿತು.

ಇನ್ನೊಂದು ಸಂಗತಿ ಹೇಳಲೇಬೇಕು. ವೂಟ್ಜ್ ಅಲಗಿನ ನೀರಲೆಯಂಥ ಗೆರೆಗಳ ಗುಟ್ಟನ್ನು 1990ರ ದಶಕದಲ್ಲಿ ಬಹುಮಟ್ಟಿಗೆ ಬಿಡಿಸಿದ್ದು ಅಯೋವಾದ ಪ್ರೊಫೆಸರ್ ಜಾನ್ ವೆರ್‌ಹೋವೆನ್ ಮತ್ತು ಫ್ಲಾರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ, ಇಬ್ಬರೂ ಒಟ್ಟಿಗೆ ಕೆಲಸ ಮಾಡಿ. ಅದಿರಿನಲ್ಲಿ ತೀರಾ ಅಲ್ಪಸ್ವಲ್ಪವಿರುವ ವನೇಡಿಯಂನಂಥ ಧಾತುಗಳು ಆ ಗೆರೆಗಳನ್ನು ಮೂಡಿಸುತ್ತವೆ, ಅದಿರು ಬದಲಾದರೆ ಅದೇ ಕೈ, ಅದೇ ಮೂಸೆಯಿದ್ದರೂ ಗೆರೆ ಬಾರದು ಅಂತ ಅವರು ತೋರಿಸಿದರು. ಪ್ರಯೋಗಶಾಲೆ ಮತ್ತು ಕುಲುಮೆ ಒಂದೇ ಬೆಂಚಿನ ಮೇಲೆ ಕೂತದ್ದಕ್ಕೆ ಇದು ಸಾಧ್ಯವಾಯಿತು. ಇನ್ನೂರು ವರ್ಷ ಮೊದಲೇ ಹೀಗೆ ಕೂತಿದ್ದರೆ?

ನಮ್ಮೂರ ಕಡೆಗೆ ಬಂದರೆ, ಸಂಡೂರಿನ ಬೆಟ್ಟಸಾಲು ಅದಿರಿನ ಗಣಿ ಅಂತ ಎಲ್ಲರಿಗೂ ಗೊತ್ತು. ಬಹಳ ಜನಕ್ಕೆ ಗೊತ್ತಿಲ್ಲದ್ದು, ಇಲ್ಲಿ ಅದಿರನ್ನು ಕರಗಿಸುವ ಕೈಗಳೂ ಇದ್ದವು ಅನ್ನುವುದು. ಹೊಸಪೇಟೆ ಪಕ್ಕದ ಜಂಬುನಾಥನ ಬೆಟ್ಟದ ಅದಿರು ಹೇರಿನ ಮೇಲೆ ಕಮಲಾಪುರಕ್ಕೆ ಹೋಗಿ, ಅಲ್ಲಿ ಕಬ್ಬಿಣವಾಗಿ, ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆಗಳಾಗುತ್ತಿತ್ತು. ಅದಿರು, ಕುಲುಮೆ, ಗಾಣದ ಮನೆ ಎಲ್ಲ ಒಂದು ದಿನದ ಗಾಡಿ ದಾರಿಯೊಳಗೆ. ಕೊಪ್ಪರಿಗೆ ಸೀಳಿದರೆ ರೈತ ಎಲ್ಲಿಗೆ ಹೋಗಬೇಕೆಂದು ಗೊತ್ತಿತ್ತು. ಆಮೇಲೆ ಅಗ್ಗದ ಇಂಗ್ಲಿಷ್ ಕಬ್ಬಿಣ ಬಂತು, ಆ ಕುಲುಮೆಗಳು ಆರಿದವು.

ಮುಂದಿನದು ನೀವು ಪೇಪರಿನಲ್ಲಿ ಓದಿದ್ದೀರಿ. 2003ರ ನಂತರ ಪಾಪಿನಾಯಕನಹಳ್ಳಿಯ ರಸ್ತೆಯಲ್ಲಿ ಹಗಲು ರಾತ್ರಿ ಅದಿರಿನ ಲಾರಿಗಳು, ಮನೆ-ಮರ-ದನಗಳ ಮೇಲೆಲ್ಲ ಕೆಂಧೂಳು. ಅದಿರು ಬಂದರು ಸೇರಿ ಚೀನಾಕ್ಕೆ. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ನಂತರ ಕಟ್ಟುಪಾಡಿನೊಂದಿಗೆ ಮತ್ತೆ ಶುರುವಾಯಿತು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಉಕ್ಕು ಆಗುತ್ತದೆ ನಿಜ. ಆದರೆ ಒಂದು ಒಳ್ಳೆಯ ಚಾಕು ಬೇಕೆಂದರೆ ನಾವು ಹೊರದೇಶದ ಕಡೆಗೇ ನೋಡುತ್ತೇವೆ. ಅದಿರು ಕೊಡುವ ತುದಿಯಲ್ಲೂ ನಾವೇ, ಕೊಳ್ಳುವ ತುದಿಯಲ್ಲೂ ನಾವೇ. ನಡುವೆ, ಮಾಡುವ ಜಾಗದಲ್ಲಿ, ನಮ್ಮ ಪರಿಚಯದವರು ಯಾರೂ ಇಲ್ಲ. ದುಬಾರಿ ಚಾಕುವಿನ ತಕರಾರು ಸಣ್ಣದು, ಶ್ರೀಮಂತರದ್ದು ಅಂತ ಅನ್ನಿಸಬಹುದು. ಆದರೆ ನೇಗಿಲು, ಪಂಪುಸೆಟ್ಟು, ಮೊಬೈಲು ಎಲ್ಲದರ ಕಥೆಯೂ ಇದೇ ಅಲ್ಲವೇ?

ಹಾಗಾಗಿ ನನ್ನದೊಂದು ಸಲಹೆ. ಚಾಕು ಕೊಳ್ಳುವಾಗ ಉಕ್ಕಿನ ಹೆಸರು, ಗಡಸುತನದ ಅಂಕಿ ನೋಡುವ ಮೊದಲು, ಕೆಟ್ಟರೆ ಯಾರ ಮುಂದೆ ಇಡಬಹುದು ಅಂತ ನೋಡಿ. ನಿಮ್ಮೂರಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ, ಸಾಣೆ ಹಿಡಿಯುವವರು ಇನ್ನೂ ಬೀದಿಗೆ ಬರುತ್ತಿದ್ದರೆ, ಅವರ ಬಗ್ಗೆ ನಾಲ್ಕು ಸಾಲು ಬರೆದು ತಿಳಿಸಿ. ಆಯ ಕೊಡುತ್ತಿದ್ದ ಲೆಕ್ಕ ಅಜ್ಜ-ಅಜ್ಜಿಯರಿಗೆ ನೆನಪಿದ್ದರೆ ಅದನ್ನಂತೂ ಕೇಳಿ ಬರೆದಿಟ್ಟುಕೊಳ್ಳಿ. ಬುಕಾನನ್ ಬಂದು ಬರೆದುಕೊಂಡು ಹೋಗಲಿ ಅಂತ ಮತ್ತೆ ಕಾಯುವುದು ಬೇಡ.